ಅಜ್ಜ 95 ದಾಟಿದರೆ ಮೊಮ್ಮಗನ ಆಯಸ್ಸೂ ಗಟ್ಟಿಯೇ?

ಅಜ್ಜ ಬೀಡಿ ಬಿಡದೆಯೂ 95 ದಾಟಿದರು, ಅಂದಮೇಲೆ ಒಳ್ಳೆಯ ವಂಶವಾಹಿ ಇದ್ದರೆ ಸಾಕಲ್ಲವೇ ಎಂದು ಕೇಳಿದ್ದೀರಿ.

ಸಾಲದು. 1870ರಿಂದ 1900ರ ನಡುವೆ ಹುಟ್ಟಿದ ಡೆನ್ಮಾರ್ಕ್‌ನ ಅವಳಿಗಳ ಮೇಲಿನ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಜನರ ಆಯಸ್ಸಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಕಾಲು ಭಾಗ ಎಂದು ಅದು ಅಂದಾಜಿಸಿತು. ತೀರಾ ಇಳಿವಯಸ್ಸಿನಲ್ಲಿ ಅವುಗಳ ತೂಕ ಹೆಚ್ಚುತ್ತದೆ; ನಿಮ್ಮ ಅಜ್ಜ ಬಹುಶಃ ಅಂಥ ಅದೃಷ್ಟವಂತರು. ಬೀಡಿಗೆ ಬಲಿಯಾದ ಅವರ ಓರಗೆಯವರ ಕಥೆಯನ್ನು ಯಾರೂ ಹೇಳುವುದಿಲ್ಲ, ಅಷ್ಟೇ.

ಚರ್ಮವನ್ನೇ ನೋಡಿ. ಅಣ್ಣ ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದುಡಿದವನು, ತಮ್ಮ ಮೈಸೂರಿನ ಕಚೇರಿಯಲ್ಲಿ ಕುಳಿತವನು ಎಂದುಕೊಳ್ಳೋಣ. ಐವತ್ತರ ಹೊತ್ತಿಗೆ ಅಣ್ಣನ ಮುಖವೇ ಹೆಚ್ಚು ಸುಕ್ಕುಗಟ್ಟಿರುತ್ತದೆ, ಏಕೆಂದರೆ ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಕೊಲಾಜೆನ್ ನಾರುಗಳನ್ನು ಹಾಳುಮಾಡುತ್ತವೆ. ಒಳಗಿನ ಲೆಕ್ಕ ಮಾತ್ರ ತಿರುವುಮುರುವು ಇರಬಹುದು. ಕುರ್ಚಿ ಬಿಡದ ತಮ್ಮನಿಗೆ ಸಕ್ಕರೆ ಕಾಯಿಲೆ ಅಂಟಿದರೆ (ಸಕ್ಕರೆ ನಾಡಿನವರಿಗೆ ಇದು ತಮಾಷೆಯ ಮಾತಲ್ಲ) ರಕ್ತನಾಳಗಳು ಬೇಗ ಪೆಡಸಾಗುತ್ತವೆ.

ಬೇಗ ಕೂದಲು ನರೆಯುವುದು ಹೆಚ್ಚಾಗಿ ಮನೆತನದ ಬಳುವಳಿ. ಅದಕ್ಕಾಗಿ ಎಣ್ಣೆ ಬದಲಿಸುತ್ತಾ ಹೋಗಬೇಡಿ.