ಹಾವು ಕೊಂದರೆ ಅದರ ಜೋಡಿ ಸೇಡಿಗೆ ಬರುತ್ತಾ?

ತೀರ್ಥಹಳ್ಳಿ ಕಡೆ ತೋಟ ತೆಗೆದುಕೊಂಡು ಹೊಸದಾಗಿ ಬಂದಿದ್ದೀರಿ. ಕೊಟ್ಟಿಗೆ ಹತ್ತಿರ ಕೆಲಸದವರು ನಾಗರಹಾವು ಹೊಡೆದಿದ್ದಾರೆ, ವಾರ ಕಳೆಯುವುದರೊಳಗೆ ಅಲ್ಲೇ ಇನ್ನೊಂದು ಕಂಡಿದೆ. ಜೋಡಿ ಸೇಡಿಗೆ ಬಂತಾ, ಮನೆಯವರಿಗೆ ನಿದ್ದೆ ಇಲ್ಲ ಅಂತ ಕೇಳಿದ್ದೀರಿ. ನಾನು ಇದೇ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವನು. ಸೇಡಿಗೆ ಬಂದಿಲ್ಲ. ಧೈರ್ಯವಾಗಿ ಮಲಗಿ. ಆದರೆ ನೆಲದ ಮೇಲೆ ಮಲಗಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಾವುಗಳು ಗಂಡ ಹೆಂಡತಿ ಹಾಗೆ ಜೊತೆಯಲ್ಲಿ ಬಾಳುವುದಿಲ್ಲ. ಬೆದೆಗೆ ಬಂದಾಗ ಸೇರುತ್ತವೆ, ಮುಗಿದ ಮೇಲೆ ಅದರ ದಾರಿ ಅದಕ್ಕೆ. ಹೆಣ್ಣು ಹರಿದು ಹೋದ ಕಡೆ ವಾಸನೆ ಉಳಿದಿರುತ್ತದೆ. ಗಂಡು ನಾಲಿಗೆ ಚಾಚಿ ಚಾಚಿ ಆ ವಾಸನೆ ಹಿಡಿದು ಬರುತ್ತದೆ. ಜೋಡಿಯ ಕಥೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ನಿಮ್ಮ ಕೊಟ್ಟಿಗೆ ವಿಷಯದಲ್ಲಿ ನನಗೆ ಅನುಮಾನ ಇಲಿ ಮೇಲೆ. ಮೊದಲನೇ ಹಾವು ಬಂದಿದ್ದೂ ಇಲಿಗೆ, ಎರಡನೆಯದು ಬಂದಿದ್ದೂ ಇಲಿಗೆ. ಹಿಂಡಿ ಚೀಲ, ಸೋಗೆ ರಾಶಿ, ಸೌದೆ ಎಲ್ಲ ಒಂದೇ ಕಡೆ ಇಟ್ಟಿದ್ದೀರಾ? ಮೊದಲು ಅದನ್ನು ಸರಿ ಮಾಡಿ. ಇನ್ನು ಮೇಲೆ ಹೊಡೆಸಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ ಕೂಡ.

ಹೊಟ್ಟೆಪಾಡಿಗೆ ಬರುತ್ತವೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮೇ ತಿಂಗಳ ಮಧ್ಯಾಹ್ನ ನಮ್ಮ ಸೌದೆ ಕೊಟ್ಟಿಗೆಯಿಂದ ಕೇರೆಹಾವು ಬಾಣದ ಹಾಗೆ ಹೊರಗೆ ಬಂತು. ಹಿಂದೆಯೇ ಕಾಳಿಂಗ. ಅಂಗಳದ ತುದಿಯಲ್ಲಿ ಕೇರೆಯ ಕತ್ತಿನ ಹಿಂದೆ ಬಾಯಿ ಹಾಕಿತು. ಆಮೇಲೆ ಬಿಡಲೇ ಇಲ್ಲ. ಕೇರೆಯ ಬಾಲ ಮಾತ್ರ ತುಂಬಾ ಹೊತ್ತು ನೆಲಕ್ಕೆ ಪಟಪಟ ಬಡಿಯುತ್ತಿತ್ತು. ನಿಧಾನಕ್ಕೆ ತಲೆ ಕಡೆಯಿಂದ ನುಂಗಿತು. ನಾವು ಏಳು ಜನ ಜಗಲಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನುಂಗಿ ಮುಗಿಸಿ, ದವಡೆ ಎರಡು ಸಲ ಆಕಳಿಸಿದ ಹಾಗೆ ಅಗಲಿಸಿ, ತೋಟದ ಕಡೆ ಇಳಿದು ಹೋಯಿತು. ಕಾಳಿಂಗದ ಮುಖ್ಯ ಆಹಾರವೇ ಬೇರೆ ಹಾವು. ಇಲಿ ಹಿಂದೆ ಕೇರೆ, ಕೇರೆ ಹಿಂದೆ ಕಾಳಿಂಗ, ಅಷ್ಟೇ. ಆಗುಂಬೆಯಲ್ಲಿ 2005ರಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೋ ಅಳವಡಿಸಿ ಅವುಗಳ ಓಡಾಟ ಗಮನಿಸಿದ್ದಾರೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ ಗುರುತಿಸಿ, ಒಫಿಯೋಫೇಗಸ್ ಕಾಳಿಂಗ ಅಂತ ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಅದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಹಾವು ಹಾಲು ಕುಡಿಯುತ್ತಾ ಅಂತಲೂ ಕೇಳಿದ್ದೀರಿ. ಹಾಲು ಅದರ ಆಹಾರ ಅಲ್ಲ. ಬಾಯಾರಿದ ಹಾವು ಎದುರಿಗಿಟ್ಟ ಯಾವುದನ್ನಾದರೂ ಕುಡಿದೀತು, ಆದರೆ ಅರಗುವುದಿಲ್ಲ. ಪಂಚಮಿಗೆ ನಾವೂ ನಾಗರಕಲ್ಲಿಗೆ ಹಾಲೆರೆಯುತ್ತೇವೆ, ಜೀವಂತ ಹಾವಿಗೆ ಮಾತ್ರ ಬೇಡ. ಪುಂಗಿಗೆ ತಲೆದೂಗುವುದು ರಾಗಕ್ಕಲ್ಲ, ಕಣ್ಣೆದುರು ಆಡುವ ಪುಂಗಿಯ ಮೇಲೆ ಕಣ್ಣಿಟ್ಟಿರುತ್ತದೆ.

ಈಗ ನೆಲದ ವಿಷಯ. ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬ ಹುಡುಗ ಸೆಕೆಗೆ ಜಗಲಿಯಲ್ಲಿ ಚಾಪೆ ಹಾಕಿ ಮಲಗಿದ್ದ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ. ಕಚ್ಚಿದ ಗುರುತಿಲ್ಲ, ಬಾವಿಲ್ಲ. ಅಜೀರ್ಣ ಅಂತ ಕಷಾಯ ಕೊಟ್ಟರು. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲಾಗಲಿಲ್ಲ, ಮಾತು ತೊದಲಿತು. ಆಗ ಯಾರೋ ಹಾವು ಇರಬೇಕು ಅಂದರು, ನಾಟಿ ಔಷಧಿಯವರ ಹತ್ತಿರ ಒಯ್ದರು. ಅಲ್ಲಿಂದ ಆಸ್ಪತ್ರೆ ತಲುಪುವಾಗ ಉಸಿರು ನಿಂತಿತ್ತು. ಚಾಪೆ ಸುತ್ತುವಾಗ ಅದರಡಿ ಕಟ್ಟುಹಾವು ಸಿಕ್ಕಿತು, ಕಪ್ಪು ಮೈ, ತೆಳ್ಳಗೆ ಬಿಳಿ ಪಟ್ಟೆ. ಅದು ರಾತ್ರಿ ಓಡಾಡುವ ಹಾವು. ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಆ ಹುಡುಗ ನನ್ನ ತಮ್ಮನ ಕ್ಲಾಸ್‌ಮೇಟ್. ಮಂಚ, ಸೊಳ್ಳೆ ಪರದೆ ಅಂತ ನಾನು ಎಲ್ಲರಿಗೂ ಹೇಳಿ ಹೇಳಿ ಕಾಡುವುದು ಅವನಿಂದಲೇ.

ನಾಟಿ ಔಷಧಿಯಲ್ಲಿ ಬದುಕಿದವರು ಇದ್ದಾರಲ್ಲ ಅಂತ ನಿಮಗೂ ಹೇಳುತ್ತಾರೆ. ಇದ್ದಾರೆ. ಅವರಲ್ಲಿ ಬಹಳಷ್ಟು ಜನಕ್ಕೆ ಕಚ್ಚಿರುವುದು ವಿಷವಿಲ್ಲದ ನೀರೊಳ್ಳೆಯೋ ಕೇರೆಯೋ. ಇನ್ನು ಕೆಲವು ಸಲ ನಾಗರ ಕಚ್ಚಿದರೂ ವಿಷ ಬಿಟ್ಟಿರುವುದಿಲ್ಲ. ಬೇರು ಅರೆದು ಕೊಡದಿದ್ದರೂ ಅವರು ಬದುಕುತ್ತಿದ್ದರು.

ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಯೋ ಕಾಲೋ ಅಲುಗಾಡದ ಹಾಗೆ ಇಟ್ಟು, ಸೀದಾ ಆಸ್ಪತ್ರೆಗೆ. ಹಾವು ಹಿಡಿದುಕೊಂಡು ಹೋಗಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್. ಕಾಳಿಂಗಕ್ಕೆ ಮಾತ್ರ ಅದು ಕೆಲಸ ಮಾಡುವುದಿಲ್ಲ, ಅದಕ್ಕೇ ಕಾಳಿಂಗ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಇಂಜೆಕ್ಷನ್ ಹತ್ತಿರದಲ್ಲಿ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಇದೆ ಅಂತ ಈ ವಾರವೇ ವಿಚಾರಿಸಿಕೊಂಡು ಬನ್ನಿ. ಆ ಆಸ್ಪತ್ರೆಯ ಫೋನ್ ನಂಬರ್ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ಟಾರ್ಚನ್ನು ಬಾಗಿಲ ಪಕ್ಕ ತೂಗುಹಾಕಿ.