ಬೆನ್ನಿಗೆ ಕೊಡುವ ಆ ಸೂಜಿ ಜೀನ್ ಬದಲಿಸುತ್ತದೆಯೇ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನನ್ನ ತಂಗಿಯ ಮಗನಿಗೆ ಏಳು ತಿಂಗಳು. ಕುತ್ತಿಗೆ ನಿಂತಿಲ್ಲ, ಕಾಲು ಎತ್ತುವುದಿಲ್ಲ. ರಕ್ತ ಪರೀಕ್ಷೆ ಮಾಡಿ ಎಸ್‌ಎಂಎ ಟೈಪ್ 1 ಅಂದರು, ಸ್ನಾಯು ಸೊರಗುವ ಕಾಯಿಲೆಯಂತೆ. ಬೆನ್ನಿಗೆ ‘ಆಂಟಿಸೆನ್ಸ್’ ಇಂಜೆಕ್ಷನ್ ಕೊಡುತ್ತಾರಂತೆ. ಅದು ಜೀನನ್ನೇ ಬದಲಿಸುತ್ತದೆ, ಬೇಡ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದೇವೆ. ಅದೇ ಕಾರಣವೇ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಬದಲಿಸುವುದಿಲ್ಲ. ಜೀನನ್ನು ಅದು ಮುಟ್ಟುವುದೂ ಇಲ್ಲ.

ಹೊಲದ ಪಹಣಿ ನೆನಪು ಮಾಡಿಕೊಳ್ಳಿ. ಮೂಲ ದಾಖಲೆ ಕಚೇರಿಯಲ್ಲೇ ಇರುತ್ತದೆ, ಬ್ಯಾಂಕಿಗೆ ನಾವು ಒಯ್ಯುವುದು ಅದರ ನಕಲು. ಜೀವಕೋಶದಲ್ಲೂ ಹಾಗೇ. ಜೀನ್ ಮೂಲ, ಆರ್‌ಎನ್‌ಎ ಅದರ ಜೆರಾಕ್ಸ್. ಪ್ರೋಟೀನ್ ತಯಾರಾಗುವುದು ಜೆರಾಕ್ಸ್ ನೋಡಿಕೊಂಡು. ಆಂಟಿಸೆನ್ಸ್ ಔಷಧ ಹೋಗಿ ಅಂಟಿಕೊಳ್ಳುವುದೂ ಆ ಜೆರಾಕ್ಸಿಗೇ.

ನಿಮ್ಮ ತಂಗಿಯ ಮಗನಿಗೆ ಎಸ್‌ಎಂಎನ್1 ಎಂಬ ಜೀನ್ ಕೆಲಸ ಮಾಡುತ್ತಿಲ್ಲ. ಬೆನ್ನುಹುರಿಯ ನರಕೋಶಗಳು ಬದುಕಲು ಅದರ ಪ್ರೋಟೀನ್ ಬೇಕೇ ಬೇಕು. ಪುಣ್ಯಕ್ಕೆ ಎಸ್‌ಎಂಎನ್2 ಎಂಬ ತಮ್ಮನೊಬ್ಬ ನಮ್ಮಲ್ಲಿ ಬಹುತೇಕರಲ್ಲಿ ಇದ್ದಾನೆ. ಆದರೆ ಅವನ ಜೆರಾಕ್ಸ್ ಹೊಲಿಯುವಾಗ ಏಳನೇ ಹಾಳೆ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಹತ್ತರಲ್ಲಿ ಒಂದು ಪ್ರತಿ ಪೂರ್ತಿ ಇದ್ದರೆ ಹೆಚ್ಚು. ಯಾಕೆಂದರೆ ಆ ಹಾಳೆಯ ಪಕ್ಕದಲ್ಲಿ ‘ಇದನ್ನು ಬಿಡು’ ಎನ್ನುವಂಥ ಒಂದು ಸಾಲು ಇದೆ. ಬೆನ್ನಿಗೆ ಕೊಡುವ ಆಂಟಿಸೆನ್ಸ್ ಔಷಧದ ಹೆಸರು ನುಸಿನರ್ಸೆನ್, ಅದು ಆರ್‌ಎನ್‌ಎಯಂಥದ್ದೇ 18 ಅಕ್ಷರದ ಒಂದು ಚೂರು. ಜಿಪ್ಪಿನ ಹಲ್ಲಿಗೆ ಹಲ್ಲು ಕೂತಂತೆ ಆ ಸಾಲಿನ ಮೇಲೆ ಕೂತು ಮುಚ್ಚಿಬಿಡುತ್ತದೆ. ಏಳನೇ ಹಾಳೆ ಉಳಿಯುತ್ತದೆ, ಪ್ರೋಟೀನ್ ಬರುತ್ತದೆ. ಅಷ್ಟೇ ಅದರ ಕೆಲಸ. ಏಡ್ರಿಯನ್ ಕ್ರೇನರ್ ಎಂಬ ವಿಜ್ಞಾನಿಯ ತಂಡ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿತ್ತು. ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು.

ಬೆನ್ನಿಗೇ ಯಾಕೆ? ಕೈಗೆ ಚುಚ್ಚಿದರೆ ಅದು ರಕ್ತದಿಂದ ಮಿದುಳು, ಬೆನ್ನುಹುರಿಗೆ ದಾಟುವುದಿಲ್ಲ. ಸೊಂಟದ ಹತ್ತಿರ ಸಣ್ಣ ಸೂಜಿ ಹಾಕಿ, ಬೆನ್ನುಹುರಿ ಸುತ್ತಲಿನ ನೀರಿಗೆ 5 ಮಿ.ಲೀ. ಬಿಡುತ್ತಾರೆ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಜೀವನಪೂರ್ತಿ. ಮೂಲ ಬದಲಾಗಿಲ್ಲ ನೋಡಿ, ಹೊಸ ಹೊಸ ಜೆರಾಕ್ಸಿಗೆ ಹೊಸ ಡೋಸ್ ಬೇಕಾಗುತ್ತದೆ. ಹಿರಿಯರಿಗೆ ಇದನ್ನೇ ಹೇಳಿ.

ಈಗ ಕಹಿ ಮಾತು. ಸತ್ತ ನರಕೋಶ ವಾಪಸ್ ಬರುವುದಿಲ್ಲ. ಲಕ್ಷಣ ಕಾಣಿಸುವ ಮೊದಲೇ ಈ ಔಷಧ ಪಡೆದ 25 ಮಕ್ಕಳ ಒಂದು ಅಧ್ಯಯನದಲ್ಲಿ 22 ಮಕ್ಕಳು ತಾವೇ ನಡೆದರು. ಲಕ್ಷಣ ಶುರುವಾದ ಮೇಲೆ ಕೊಟ್ಟ ಶಿಶುಗಳ ದೊಡ್ಡ ಪ್ರಯೋಗದಲ್ಲಿ ಅರ್ಧದಷ್ಟು ಮಕ್ಕಳು ಮಾತ್ರ ಕುತ್ತಿಗೆ ನಿಲ್ಲಿಸುವುದು, ಹೊರಳುವುದು, ಕೂರುವುದರಲ್ಲಿ ಸ್ವಲ್ಪ ಮುಂದೆ ಬಂದರು. ನನ್ನ ಒಪಿಡಿಗೆ ಬರುವ ತಾಯಂದಿರು ಹೇಳುವುದು ಒಂದೇ ಮಾತು: “ಕಣ್ಣು ಭಾಳ ಚುರುಕ ಅದಾವ್ರಿ, ಕಾಲ ಅಷ್ಟ ಎತ್ತವಲ್ದು.” ಮಗು ಕಪ್ಪೆಯ ಹಾಗೆ ಕಾಲು ಚೆಲ್ಲಿ ಮಲಗಿರುತ್ತದೆ, ನಾಲಿಗೆ ಸಣ್ಣಗೆ ನಡುಗುತ್ತಿರುತ್ತದೆ, ನನ್ನ ಸ್ಟೆತಸ್ಕೋಪ್ ಹೋದ ಕಡೆಯೆಲ್ಲ ಕಣ್ಣು ಹೊರಳುತ್ತದೆ. ಅಷ್ಟರಲ್ಲಿ ದೃಷ್ಟಿ ತೆಗೆಸಿ, ಎಣ್ಣೆ ನೀವಿ ಮೂರು ತಿಂಗಳು ಹೋಗಿರುತ್ತದೆ.

ದುಡ್ಡಿನ ವಿಷಯ. ಅಮೆರಿಕದಲ್ಲಿ ಇದರ ಒಂದು ಡೋಸ್ ಬೆಲೆ 1,25,000 ಡಾಲರ್ ಎಂದು ಶುರುವಾಗಿತ್ತು. ಆದ್ದರಿಂದ ರಿಸ್ಡಿಪ್ಲಾಮ್ ಬಗ್ಗೆಯೂ ಕೇಳಿ. ಅದು ಆಂಟಿಸೆನ್ಸ್ ಅಲ್ಲ, ಆದರೆ ಅದೇ ಏಳನೇ ಹಾಳೆ ಉಳಿಸುವ, ದಿನಾ ಬಾಯಿಗೆ ಹಾಕುವ ಔಷಧ. ಬಾಟಲಿಗೆ ಸುಮಾರು 6 ಲಕ್ಷ ಇತ್ತು. ಕೋರ್ಟ್ ಜಗಳದ ನಂತರ 2025ರಲ್ಲಿ ನಮ್ಮ ದೇಶದ್ದೇ ಜೆನೆರಿಕ್ ₹15,900ಕ್ಕೆ ಬಂತು. ನಿಮ್ಮಂಥ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ 50 ಲಕ್ಷದವರೆಗೆ ನೆರವಿದೆ. ಅದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲೇ ಹೆಸರು ಬರೆಸಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಂದು, ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಇನ್ನೊಂದು. ಹುಮನಾಬಾದಿಗೆ ಹೈದರಾಬಾದೇ ಹತ್ತಿರ ಅಲ್ವಾ? ಈ ವಾರವೇ ಹೊರಡಿ.

ಇನ್ನು ಸೋದರಮಾವ. ತಂದೆ, ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗಲೇ ಸಾಮಾನ್ಯವಾಗಿ ಈ ಕಾಯಿಲೆ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಹೊರಗಿನವರಲ್ಲೂ ಆಗುತ್ತದೆ, ಹಾಗಾಗಿ ತಂಗಿಯನ್ನು ಸುಮ್ನೆ ದೂರಬೇಡಿ. ಮುಂದಿನ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇದೆ. ಮೂರು ತಿಂಗಳ ಆಸುಪಾಸಿನಲ್ಲೇ ಪರೀಕ್ಷೆ ಮಾಡಿಸಬಹುದು.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ಡುಶೆನ್ ಎಂಬ ಸ್ನಾಯು ಸವೆಯುವ ಕಾಯಿಲೆ. ಇಂಥದ್ದೇ ಔಷಧ ಅವನಿಗೂ ಇದೆಯೇ?
— ಓದುಗರೊಬ್ಬರು, ಶಹಾಪುರ

ಉತ್ತರ: ಇದೆ, ಆದರೆ ಎಲ್ಲರಿಗೂ ಅಲ್ಲ. 2016ರಲ್ಲೇ ಬಂದ ಎಟೆಪ್ಲಿರ್ಸೆನ್ ಹಾಳೆ ಉಳಿಸುವುದಿಲ್ಲ, ಬೇಕೆಂದೇ 51ನೇ ಹಾಳೆ ಬಿಡಿಸುತ್ತದೆ. ಆಗ ಮುಂದಿನ ಸಾಲು ಓದಲು ಬರುವಂತಾಗುತ್ತದೆ. ಇದು ಹೊಂದುವುದು ನೂರರಲ್ಲಿ ಸುಮಾರು 13 ಮಕ್ಕಳಿಗೆ. ಮಗನ ಜೀನ್ ರಿಪೋರ್ಟ್ ತೆಗೆದು ನೋಡಿ. 48ರಿಂದ 50ನೇ ಹಾಳೆ (ಎಕ್ಸಾನ್) ಇಲ್ಲ ಎಂದು ಬರೆದಿದ್ದರೆ ಅವನು ಆ ಗುಂಪು. ಆದರೂ ಒಂದು ಮಾತು: ಇದರಿಂದ ಹೆಚ್ಚುವ ಪ್ರೋಟೀನ್ ತೀರಾ ಕಡಿಮೆ. ಹೊಲ ಮಾರಿ ಇದರ ಹಿಂದೆ ಹೋಗಿ ಎಂದು ನಾನಂತೂ ಹೇಳಲಾರೆ. ಸ್ಟೆರಾಯ್ಡ್ ಬಿಡಿಸಬೇಡಿ, ವರ್ಷಕ್ಕೊಮ್ಮೆ ಹೃದಯದ ಎಕೋ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಗೆ ಲಕ್ವಾ ಹೊಡೆದಿದೆ. ಈ ಬೆನ್ನಿನ ಸೂಜಿ ಕೊಡಿಸಬಹುದೇ?
— ಓದುಗರೊಬ್ಬರು, ಸೇಡಂ

ಉತ್ತರ: ಬೇಡ. ಲಕ್ವಾ ರಕ್ತನಾಳದ ತೊಂದರೆ, ಜೆರಾಕ್ಸಿನದಲ್ಲ. ಬಿಪಿ ಮಾತ್ರೆ ತಪ್ಪಿಸದೆ ಕೊಡಿ, ಫಿಸಿಯೋಥೆರಪಿ ನಿಲ್ಲಿಸಬೇಡಿ.