ನಿರ್ಜನ ಕಾಡಿಗೇ ಹೋಗಬೇಕೆ?

ಪ್ರಶ್ನೆ: ಮನುಷ್ಯನಿಗೂ ನಿಸರ್ಗಕ್ಕೂ ಇರುವ ಸಂಬಂಧವನ್ನು ಪ್ರವಾಸ ಮತ್ತು ಅಧ್ಯಯನದ ಮೂಲಕ ಅರಿಯಬೇಕೆಂಬ ಆಸೆ ನನ್ನದು. ಅದಕ್ಕಾಗಿ ಜನರ ಸುಳಿವಿಲ್ಲದ ಕಾಡುಗಳನ್ನೇ ಹುಡುಕಿಕೊಂಡು ಹೋಗಬೇಕೆ? ಓದಿಕೊಂಡು ಹೋಗುವುದು ಒಳ್ಳೆಯದೋ, ನೋಡಿ ಬಂದು ಓದುವುದೋ?

ಉತ್ತರ: ಜನರಿಲ್ಲದ ಕಡೆ ನಿಸರ್ಗ ಕಾಣಬಹುದು, ಆದರೆ ನೀವು ಅರಿಯಬಯಸುವ ಸಂಬಂಧದ ಒಂದು ಪಕ್ಷವೇ ಅಲ್ಲಿರುವುದಿಲ್ಲ. ಅಲ್ಲದೆ, ನಿರ್ಜನವೆಂದು ನಾವು ಮೆಚ್ಚುವ ಎಷ್ಟೋ ಪ್ರದೇಶಗಳು ಮೊದಲಿನಿಂದಲೂ ಹಾಗಿದ್ದವಲ್ಲ. ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಾವಿರಾರು ವರ್ಷಗಳಿಂದ ಅಲ್ಲಿ ಬೇಟೆಯಾಡುತ್ತ ಬಂದಿದ್ದ ಮೂಲನಿವಾಸಿಗಳನ್ನು ಮುಂದಿನ ದಶಕದೊಳಗೆ ಹೊರಗೆ ಕಳುಹಿಸಲಾಯಿತು. ಆದ್ದರಿಂದ ಜನರು ನಿಸರ್ಗದ ನಡುವೆ ದುಡಿದು ಬಾಳುವ ಕಡೆಗೆ ಹೋಗಿ ಎಂಬುದೇ ನನ್ನ ಸಲಹೆ.

ಮೊಜಾಂಬಿಕ್‌ನ ನಿಯಾಸಾ ಪ್ರದೇಶದ ಯಾವೋ ಜನರನ್ನೇ ನೋಡಿ. ಜೇನು ಕೀಳಲು ಹೊರಟವರು ನಾಲಿಗೆಯನ್ನು ಅದುರಿಸಿ, ಕೊನೆಗೆ ಹೂಂಕರಿಸಿದಂತೆ 'ಬ್ರ್ರ್ರ್-ಹ್ಮ್' ಎಂದು ಕೂಗುತ್ತ ನಡೆಯುತ್ತಾರೆ. ಕೂಗು ಕೇಳಿ ಬರುವ ಹನಿಗೈಡ್ ಎಂಬ ಪುಟ್ಟ ಹಕ್ಕಿ, ಚಿಲಿಪಿಲಿಗುಟ್ಟುತ್ತ ಮರದಿಂದ ಮರಕ್ಕೆ ಹಾರಿ ಜೇನುಗೂಡಿನವರೆಗೆ ದಾರಿ ತೋರುತ್ತದೆ. ಇವರು ಹೊಗೆ ಹಾಕಿ, ಕೊಡಲಿಯಿಂದ ಪೊಟರೆಯನ್ನು ಸೀಳಿ ಜೇನುತುಪ್ಪ ತೆಗೆದುಕೊಂಡರೆ, ಉಳಿಯುವ ಮೇಣ ಹಕ್ಕಿಯ ಪಾಲಾಗುತ್ತದೆ. ಈ ಹಕ್ಕಿ ಸಾಕಿದ್ದಲ್ಲ, ಪಳಗಿಸಿದ್ದೂ ಅಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಬೇರೆ ಬೇರೆ ಧ್ವನಿಗಳನ್ನು ಮುದ್ರಿಸಿಕೊಂಡು, ಕೇಳಿಸುತ್ತ ನಡೆದು ನೋಡಿದರು: ಉಳಿದ ಸದ್ದುಗಳಿಗೆ ಹಕ್ಕಿ ದಾರಿ ತೋರುವ ಸಾಧ್ಯತೆ ಸುಮಾರು ಶೇ. 33 ಇದ್ದರೆ, ಈ ಕೂಗಿಗೆ ಅದು ಶೇ. 66ಕ್ಕೆ ಏರಿತು. ಟಾಂಜಾನಿಯಾದ ಹಡ್ಜಾ ಜನರು ಇದೇ ಕೆಲಸಕ್ಕೆ ಸಿಳ್ಳೆ ಹಾಕುತ್ತಾರೆ. ಅಲ್ಲಿನ ಹಕ್ಕಿಗಳು ಯಾವೋ ಕೂಗಿಗಿಂತ ಸಿಳ್ಳೆಗೇ ಹೆಚ್ಚು ಓಗೊಡುತ್ತವೆಂದು 2023ರಲ್ಲಿ ತಿಳಿದುಬಂತು. ತಂದೆಯಿಂದ ಮಗ ಕಲಿಯುವ ಕೂಗನ್ನು ಕಾಡುಹಕ್ಕಿಯೂ ಕಲಿತಿರುತ್ತದೆ ಎಂದಾಯಿತು. ಜೇನು ಕೀಳುವ ಪದ್ಧತಿ ನಿಂತುಹೋದರೆ ಹಕ್ಕಿ ಉಳಿದೀತು, ಈ ಒಡನಾಟ ಉಳಿಯಲಾರದು.

ಓದು ಮೊದಲೋ ನೋಟ ಮೊದಲೋ ಎಂಬುದಕ್ಕೆ ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಹಂಬೋಲ್ಟ್ ಒಳ್ಳೆಯ ನಿದರ್ಶನ. ಗಣಿಶಾಸ್ತ್ರ ಓದಿ, ಗಣಿ ಅಧಿಕಾರಿಯಾಗಿದ್ದ ಅವರು 1800ರಲ್ಲಿ ವೆನೆಜುವೆಲಾದ ವಾಲೆನ್ಸಿಯಾ ಸರೋವರಕ್ಕೆ ಬಂದಾಗ, ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ಅಲ್ಲಿನವರು ಆಗಲೇ ಗಮನಿಸಿದ್ದರು. ನೆಲದಡಿ ಎಲ್ಲೋ ಸೋರಿಹೋಗುತ್ತಿದೆ ಎಂಬುದು ಆ ಊರವರ ಊಹೆಯಾಗಿತ್ತು. ಹಂಬೋಲ್ಟ್ ಅಳತೆ ಮಾಡಿ, ತೋಟಗಳಿಗೆ ತಿರುಗಿಸಿದ ತೊರೆಗಳನ್ನೂ ಬೋಳಾದ ಗುಡ್ಡಗಳನ್ನೂ ನೋಡಿ, ಮರ ಕಡಿದ ಇಳಿಜಾರಿನಲ್ಲಿ ಮಳೆನೀರು ಇಂಗದೆ ಮಣ್ಣನ್ನು ಕೊಚ್ಚಿಕೊಂಡು ಒಮ್ಮೆಲೇ ಹರಿದುಹೋಗುತ್ತದೆ, ಉಳಿದ ಕಾಲದಲ್ಲಿ ತೊರೆಗಳು ಬತ್ತುತ್ತವೆ ಎಂದು ವಿವರಿಸಿದರು. ಅಲ್ಲಿನವರ ಮಾತನ್ನು ಕೇಳದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಓದಿರದಿದ್ದರೆ ಉತ್ತರ ಹೊಳೆಯುತ್ತಿರಲಿಲ್ಲ. ಹೋಗುವ ಮುನ್ನ ಪ್ರಶ್ನೆ ಕೇಳಲು ಬೇಕಾಗುವಷ್ಟು ಓದಿ. ಬಂದ ಮೇಲೆ ಎಷ್ಟು ಓದಿದರೂ ಹೆಚ್ಚಲ್ಲ.

ಟಿಪ್ಪಣಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 1802ರಲ್ಲಿ ಈಕ್ವೆಡಾರ್‌ನ ಚಿಂಬೊರಾಜೊ ಪರ್ವತ ಹತ್ತಿದ ಹಂಬೋಲ್ಟ್, ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆ ಎಂಬುದನ್ನು ಬರೆದಿಟ್ಟಿದ್ದರು. 2012ರಲ್ಲಿ ಅದೇ ಪರ್ವತಕ್ಕೆ ಹೋದ ವಿಜ್ಞಾನಿಗಳು, ಹವೆ ಬಿಸಿಯೇರಿದಂತೆ ಸಸ್ಯವಲಯಗಳು ಮೇಲಕ್ಕೆ ಸರಿದಿರುವುದನ್ನು ಕಂಡುಕೊಂಡದ್ದು ಆ ಹಳೆಯ ದಾಖಲೆಯನ್ನು ಮುಂದಿಟ್ಟುಕೊಂಡೇ. ಆದ್ದರಿಂದ ದಿನಾಂಕ, ಸ್ಥಳ, ಎತ್ತರ, ಋತು ಇವುಗಳ ಜೊತೆಗೆ, ಯಾವುದು ನೀವು ಕಣ್ಣಾರೆ ಕಂಡದ್ದು, ಯಾವುದು ಅಲ್ಲಿನವರು ಹೇಳಿದ್ದು ಎಂಬುದನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ. ಹೇಳಿದವರ ಒಪ್ಪಿಗೆ ಪಡೆದು, ಬರೆಯುವಾಗ ಅವರನ್ನು ನೆನೆಯಿರಿ. ಹತ್ತು ಊರು ಸುತ್ತುವ ಖರ್ಚಿನಲ್ಲಿ ಒಂದೇ ಊರಿಗೆ ಬೇರೆ ಬೇರೆ ಋತುಗಳಲ್ಲಿ ಹೋಗುವುದು ಮೇಲು. ಯಾವಾಗ ಹೋಗಬೇಕೆಂಬುದನ್ನು ಅಲ್ಲಿನ ಬಿತ್ತನೆಯೋ ಮೀನುಗಾರಿಕೆಯೋ ನಿರ್ಧರಿಸಲಿ, ನಿಮ್ಮ ರಜೆಯಲ್ಲ.